ಜುನಾ ಬಾಜಾರದ ಗಿಟಾರು

ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಹಳೆಯ ಇಲೆಕ್ಟ್ರಿಕ್ ಗಿಟಾರು ಬಿಚ್ಚಿಕೊಂಡು ಕೂತು ನೋಡಿ, ಇಡೀ ಪುಣೆಗೆ ಏನಾದರೊಂದು ಹೇಳುವುದಿರುತ್ತದೆ. ನನಗಂತೂ ಇಂಥ ಪ್ರಸಂಗಗಳು ಒಂದರ ಹಿಂದೊಂದು ಆದವು. ತೊಂಬತ್ತಾರನೇ ಇಸವಿಯ ಮಾತು. ಹತ್ತು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ನಾನು ಗದಗಿನವನು. ಪುಣೆಯ ಹೊರವಲಯದ ಆಕುರ್ಡಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಅಂದರೆ ತಯಾರಾದ ಮಾಲನ್ನು ಅಳೆದು, ಸರಿಯಿದ್ದರೆ ಸಹಿ ಹಾಕಿ, ಇಲ್ಲದಿದ್ದರೆ ವಾಪಸು ಕಳಿಸುವ ಕೆಲಸ. ಮನೆ ನಿಗಡಿಯಲ್ಲಿ. ಕಾಲೇಜಿನ ದಿನಗಳಲ್ಲಿ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದೆ. ನೌಕರಿ ಸಿಕ್ಕಾಗ ಅದನ್ನು ಮಾರಿ ಪುಣೆಯ ಬಸ್ಸು ಹತ್ತಿದೆ. ಮದುವೆಯಾದ ಹೊಸದರಲ್ಲಿ ಇದನ್ನು ಹೆಂಡತಿಗೆ ಹೇಳಿದೆ. ಒಂದು ಫೋಟೊ ತೋರಿಸಿ ಅಂದಳು. ಫೋಟೊ ಇರಲಿಲ್ಲ. ಅಂದಿನಿಂದ ಎಂಟು ವರ್ಷ, ಗಿಟಾರಿನ ಮಾತು ಬಂದಾಗಲೆಲ್ಲ "ಹೌದ್ರಿ, ಬಾರಸ್ತಿದ್ರಿ" ಎಂದು ಸಣ್ಣ ಮಕ್ಕಳ ಮಾತಿಗೆ ತಲೆಯಾಡಿಸಿದ ಹಾಗೆ ಆಡಿಸುತ್ತಿದ್ದಳು. ಗಂಡಸಿಗೆ ಇದಕ್ಕಿಂತ ಅವಮಾನ ಬೇಡ. ನಮ್ಮ ಕನ್ನಡ ಸಂಘದವರು ನಾಡಹಬ್ಬದ ಆರ್ಕೆಸ್ಟ್ರಾಕ್ಕೆ ಗಿಟಾರಿನವರು ಬೇಕು ಅಂದಾಗ ನಾನು ಥಟ್ಟನೆ ಹೆಸರು ಕೊಟ್ಟೆ. ಆಕೆಯನ್ನು ಎದುರಿಗೆ ಕೂರಿಸಿ ಬಾರಿಸಿ ತೋರಿಸಲೇಬೇಕು ಎನ್ನುವ ಹಟ. ಉಳಿದದ್ದು ಗಿಟಾರು ಹುಡುಕುವ ಕೆಲಸವೊಂದೇ.

೧. ಪ್ಲಗ್ಗು

ಜುನಾ ಬಾಜಾರ ಅಂದರೆ ಪುಣೆಯ ಹಳೆಯ ಸಾಮಾನಿನ ಸಂತೆ, ಭಾನುವಾರ ಅಲ್ಲಿ ಸಿಗದ ವಸ್ತುವಿಲ್ಲ. ತುಕ್ಕು ಹಿಡಿದ ಕೀಲಿ, ಒಂದೇ ಕಾಲಿನ ಸ್ಟೂಲು, ಯಾರದೋ ಅಜ್ಜನ ಹಲ್ಲಿನ ಸೆಟ್ಟು. ಅವುಗಳ ನಡುವೆ ಒಂದು ಕೆಂಪು ಗಿಟಾರು ಬೋರಲಾಗಿ ಬಿದ್ದಿತ್ತು. ಕತ್ತು ಬಾಗಿತ್ತು, ತಂತಿ ಎರಡೇ ಉಳಿದಿದ್ದವು. ಆದರೂ ಕಂಡೊಡನೆ ಅದರ ಮುಂದೆ ಕುಕ್ಕರಿಸಿದೆ.

ಎತ್ತಿ ನೋಡುತ್ತೇನೆ, ಅದರ ವೈರಿನ ತುದಿಗೆ ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗು! ಇದೇನು ಎಂದು ಕೇಳಿದೆ. ಇಲೆಕ್ಟ್ರಿಕ್ ಗಿಟಾರು ಸಾಹೇಬ, ಪ್ಲಗ್ಗು ಇರಲಿಲ್ಲ, ನಿಮ್ಮ ಅನುಕೂಲಕ್ಕೆ ನಾನೇ ಹಾಕಿಸಿದೆ, ಟ್ಯೂಬ್‌ಲೈಟಿಗಿಂತ ಕಡಿಮೆ ಕರೆಂಟು ತಿನ್ನುತ್ತದೆ ಎಂದ ಅಂಗಡಿಯವ. ನನಗೆ ಸಿಟ್ಟು ನೆತ್ತಿಗೇರಿತು. ಇದರ ವೈರು ಆಂಪ್ಲಿಫೈಯರಿಗೆ ಹೋಗಬೇಕು, ಗೋಡೆಯ ಕರೆಂಟಿಗೆ ಹಾಕಿ ತಂತಿ ಮುಟ್ಟಿದವನು ಅಲ್ಲೇ ಸತ್ತುಹೋಗುತ್ತಾನೆ ಎಂದು ಹತ್ತು ಜನ ಕೂಡುವಷ್ಟು ಕೂಗಾಡಿದೆ.

ಅವನು ಒಂದಿಷ್ಟೂ ಅಳುಕಲಿಲ್ಲ. ಹೋದ ವರ್ಷ ಇಂಥದ್ದೇ ಇನ್ನೊಂದನ್ನು ಇಂಥದ್ದೇ ಪ್ಲಗ್ಗು ಹಾಕಿ ಮಾರಿದ್ದೇನೆ, ತಗೊಂಡವರು ಈ ತನಕ ಒಂದೂ ದೂರು ಹೇಳಿಕೊಂಡು ಬಂದಿಲ್ಲ ಎಂದ.

೨. ಡ್ರಾಯಿಂಗ್ ಎಲ್ಲಿ?

ಗಿಟಾರನ್ನು ಕೊಂಡು ತಂದು ಪ್ಲಗ್ಗು ಕಿತ್ತೆಸೆದ ಮೇಲೆ, ಬಾಗಿದ ಕತ್ತನ್ನು ನೆಟ್ಟಗೆ ಮಾಡುವುದು ಮೊದಲ ಕೆಲಸ. ನಮ್ಮ ಟೂಲ್‌ರೂಮಿನಲ್ಲಿ ಸಾತಾರಾ ಕಡೆಯ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಅವರ ಕೈಗೆ ಕೊಟ್ಟರೆ ಆದೀತೆಂದು ಒಂದು ದಿನ ಗಿಟಾರನ್ನು ಟಾವೆಲ್ಲಿನಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದೆ. ಗೇಟಿನವ ಚಹಾ ಕುಡಿಯುತ್ತಿದ್ದ, ನೋಡಲಿಲ್ಲ.

ಫಿಟ್ಟರ್ ಕನ್ನಡಕ ಏರಿಸಿ ನೋಡಿ, ಇದರ ಡ್ರಾಯಿಂಗ್ ಎಲ್ಲಿ ಎಂದು ಕೇಳಿದರು. ಗಿಟಾರಿಗೆ ಎಂಥ ಡ್ರಾಯಿಂಗ್! ಡ್ರಾಯಿಂಗ್ ಇಲ್ಲದ ವಸ್ತುವಿಗೆ ಯಾರೂ ಕೈ ಹಚ್ಚಬಾರದು ಎಂದು ನೋಟೀಸು ಹಾಕಿಸಿದವರು ನೀವೇ ಅಲ್ಲವೇ ಎಂದರು. ಹೌದು, ನಾನೇ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಡ್ರಾಯಿಂಗ್ ಬರೆದೆ. ಕತ್ತು ಪೂರಾ ನೆಟ್ಟಗಾದರೆ ತಂತಿ ಬಡಿಯುತ್ತದೆ, ಕೂದಲೆಳೆಯಷ್ಟು ಬಾಗು ಇರಲಿ ಎಂದು ಬಾಯಲ್ಲಿಯೂ ಹೇಳಿದೆ. ಅವರು ಮುಖ ಸಿಂಡರಿಸಿದರು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಬಾಗಿದ ಮಾಲು ಹೊರಗೆ ಹೋಗಿಲ್ಲ ಎಂದು ಹೇಳಿ, ಒಳಗಿನ ಕಬ್ಬಿಣದ ಸರಳನ್ನು ಬಿಗಿದು, ಕೂದಲೆಳೆಯ ಬಾಗನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ಕತ್ತನ್ನು ಕನ್ನಡಿಯಂತೆ ಸಪಾಟು ಮಾಡಿಕೊಟ್ಟರು. ಅದನ್ನು ಮನೆಯಲ್ಲಿ ಮತ್ತೆ ಸಡಿಲಿಸುವ ಕೆಲಸ ನನ್ನ ಪಾಲಿಗೆ ಉಳಿಯಿತು.

ಆದರೆ ಮನೆಗೆ ತರುವುದಾದರೂ ಹೇಗೆ? ಸಂಜೆ ಗೇಟಿನವ ಹಿಡಿದ. ಒಳಗೆ ಬಂದ ದಾಖಲೆ ಇಲ್ಲದ ವಸ್ತು ಹೊರಗೆ ಹೋಗುವ ಹಾಗಿಲ್ಲ. ನಾನು ಸೇರಿದಾಗಿನಿಂದ ನಮಸ್ಕಾರ ಹೊಡೆಯುತ್ತಿದ್ದವನು ಆ ಹೊತ್ತು ನನ್ನನ್ನು ಕಳ್ಳನಂತೆ ನೋಡಿದ. ಸ್ಟೋರ್ಸಿನ ಗುಮಾಸ್ತ ಪಟ್ಟಿ ತೆಗೆದು, ವಾದ್ಯ ಎನ್ನುವ ಬಾಬ್ತೇ ನಮ್ಮಲ್ಲಿಲ್ಲ ಎಂದ. ಒಂದು ತಾಸು ಜಗಳವಾಡಿದ ಮೇಲೆ ಗೇಟ್‌ಪಾಸ್ ಸಿಕ್ಕಿತು. ಅದರಲ್ಲಿ "ಪ್ಯಾಕಿಂಗ್ ಕಟ್ಟಿಗೆ, ನಿರುಪಯೋಗಿ" ಎಂದು ಬರೆದಿತ್ತು. ಪರೀಕ್ಷಿಸಿ ಖಾತ್ರಿಪಡಿಸಿದವರು ಎನ್ನುವಲ್ಲಿ ಸಹಿ ಬೇಕಿತ್ತು. ಆ ಸಹಿಯ ಅಧಿಕಾರ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ನನಗೊಬ್ಬನಿಗೇ.

೩. ಒಂದರಿಂದ ನಾಲ್ಕು

ಒಳಗಿನ ವೈರುಗಳನ್ನು ನಾನೇ ಬೆಸೆದೆ. ತಂತಿಗೆಂದು ನಿಗಡಿಯಿಂದ ಇಪ್ಪತ್ತು ಕಿಲೋಮೀಟರು ಸ್ಕೂಟರಿನಲ್ಲಿ ಪುಣೆಯ ಪೇಟೆಯ ಒಂದು ವಾದ್ಯದಂಗಡಿಗೆ ಹೋದೆ. ಒಂದರಿಂದ ನಾಲ್ಕು ಪುಣೆಯ ಅಂಗಡಿಯವರ ನಿದ್ದೆಯ ಹೊತ್ತು; ನಾನು ಮುಟ್ಟುವಾಗ ಒಂದಕ್ಕೆ ಎರಡು ನಿಮಿಷ ಇತ್ತು. ಮಾಲೀಕರು ಅರ್ಧ ಬಾಗಿಲು ಎಳೆದಿದ್ದರು. ನಿಗಡಿಯಿಂದ ಬಂದಿದ್ದೇನೆ, ಗಿಟಾರಿನ ತಂತಿ ಇವೆಯೇ ಅಂದರೆ, "ತಾರಾ ಆಹೇತ, ವೇಳ ನಾಹೀ" ಎಂದರು. ತಂತಿ ಇದೆ, ವೇಳೆ ಇಲ್ಲ. ತಂತಿಯ ಪೊಟ್ಟಣ ಅವರ ಕೈಯಳತೆಯಲ್ಲೇ ಕಾಣುತ್ತಿತ್ತು. ತೋರಿಸಿದೆ. ಅವರು ಅದನ್ನು ನೋಡಿದರು, ಗಡಿಯಾರ ನೋಡಿದರು, ಉಳಿದರ್ಧ ಬಾಗಿಲನ್ನೂ ಎಳೆದರು.

ಎದುರಿನ ಕಟ್ಟೆಯ ಮೇಲೆ ಮೂರು ತಾಸು ಕುದಿಯುತ್ತ ಕೂತೆ. ನಾಲ್ಕಕ್ಕೆ ಬಾಗಿಲು ತೆಗೆದ ಮಾಲೀಕರು ನಿದ್ದೆ ಮುಗಿಸಿ ಪ್ರಸನ್ನರಾಗಿದ್ದರು. ತಂತಿ ಕೊಟ್ಟು, ಪಾಪ, ಈ ಬಿಸಿಲಿನಲ್ಲಿ ಕಾಯುವ ಬದಲು ನಿಗಡಿಗೆ ಹೋಗಿ ಒಂದಿಷ್ಟು ಮಲಗಿ ಬರಬಾರದಿತ್ತೇ ಎಂದರು.

೪. ಖಂಡೆ ಪೂಜೆ

ನಾಡಹಬ್ಬದ ಕಾರ್ಯಕ್ರಮ ಇದ್ದದ್ದು ನವಮಿಯ ಸಂಜೆ, ಅಂದರೆ ಆಯುಧಪೂಜೆಯ ದಿನ; ನಮ್ಮ ಕಡೆ ಅದು ಖಂಡೆ ಪೂಜೆ. ಗಿಟಾರು ಹಿಂದಿನ ರಾತ್ರಿಯಷ್ಟೇ ಸಿದ್ಧವಾಗಿತ್ತು. ಹಬ್ಬಕ್ಕೆಂದು ಗದಗಿನಿಂದ ಅವ್ವ ಬಂದಿದ್ದಳು. ಬೆಳಿಗ್ಗೆ ನಾನು ಕಾರ್ಖಾನೆಯ ಮಷೀನುಗಳ ಪೂಜೆಗೆ ಹೋದೆ; ಹೆಂಡತಿ ಓಣಿಯ ಹೆಂಗಸರ ಜೊತೆ ಸಂಘದ ಸಭಾಂಗಣ ಸಿಂಗರಿಸಲು ಹೋದವಳು ಸಂಜೆಯ ತನಕ ಅಲ್ಲೇ ಇದ್ದಳು. ಮಧ್ಯಾಹ್ನ ತಿರುಗಿ ಬಂದು ನೋಡಿದರೆ ದೇವರ ಮುಂದೆ ಈಳಿಗೆಮಣೆ, ಮಿಕ್ಸರ್, ಹೊಲಿಗೆ ಮಷೀನು, ಅವುಗಳ ಸಾಲಿನಲ್ಲಿ ನನ್ನ ಗಿಟಾರು! ಅದರ ಲೋಹದ ಭಾಗಗಳನ್ನು ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಆರೂ ತಂತಿಗೆ ಕೊಬ್ಬರಿಎಣ್ಣೆ ಸವರಿದ್ದಳು. ಮೂರು ಬೆರಳಿನ ವಿಭೂತಿ, ಕುಂಕುಮ, ಕತ್ತಿಗೆ ಚೆಂಡುಹೂವಿನ ಮಾಲೆ. ಸಾಲದ್ದಕ್ಕೆ ಜೇಜುರಿಯ ಗುಡಿಯಿಂದ ತಂದ ಅರಿಶಿಣಪುಡಿಯ ಭಂಡಾರವನ್ನೂ ಮುಷ್ಟಿ ತುಂಬ ಎರಚಿದ್ದಳು.

ನಾನು ಹೌಹಾರಿದ್ದಕ್ಕೆ ಅವ್ವ ಸಮಾಧಾನದಿಂದ, ಪೂಜೆಗೆ ಇಟ್ಟ ಮೇಲೆ ನಾಳೆ ಬನ್ನಿ ಕೊಡುವ ತನಕ ಬಳಸುವ ಹಾಗಿಲ್ಲ ಎಂದಳು. ಆವತ್ತು ಅವಳು ಈಳಿಗೆಮಣೆ ಮುಟ್ಟದೆ ಬೆಂಡೆಕಾಯಿಯನ್ನು ಕೈಯಿಂದಲೇ ಮುರಿದು ಪಲ್ಯ ಮಾಡಿದ್ದಳು. ಅಂಥವಳ ಹತ್ತಿರ ವಾದ ನಡೆಯುತ್ತದೆಯೇ? ಬೇಡಿಕೊಂಡೆ, ಸಿಟ್ಟು ಮಾಡಿದೆ, ನನ್ನ ಮರ್ಯಾದೆಯ ಪ್ರಶ್ನೆ ಎಂದೆ. ಕೊನೆಗೆ ಇಷ್ಟು ಇಳಿದಳು:

"ತಗೊಂಡು ಹೋಗು. ಕೊರಳಾಗ ಹಾಕ್ಕೊಂಡು ನಿಂದ್ರು. ಆದ್ರ ತಂತಿ ಮುಟ್ಟಬ್ಯಾಡ. ನನ್ನ ಮ್ಯಾಲೆ ಆಣಿ."

ಸಂಘದ ಕಾರ್ಯದರ್ಶಿಗೆ ವಿಷಯ ಹೇಳಿದೆ. ಅವರು ಗಾಬರಿಯಾಗಲೇ ಇಲ್ಲ. ಕೀಬೋರ್ಡಿನಲ್ಲಿ ಗಿಟಾರಿನ ದನಿಯ ಗುಂಡಿಯೊಂದಿದೆ, ನೀವು ಸುಮ್ಮನೆ ನಿಂತು ಕೈಯಾಡಿಸಿದರೆ ಸಾಕು ಎಂದರು. ನಾಲ್ಕು ತಿಂಗಳು ಮೈಮುರಿದು ದುಡಿದದ್ದು ಇದಕ್ಕಾಗಿಯೇ?

ಅವ್ವ ಕಾವಲಿಗೆಂದೇ ಮೊದಲ ಸಾಲಿನಲ್ಲಿ ಕೂತಳು. ಹೆಂಡತಿ ಹಿಂದೆ, ಓಣಿಯ ಹೆಂಗಸರ ಜೊತೆ. ನಾನು ಮಾಲೆ, ವಿಭೂತಿ ಸಮೇತ ಗಿಟಾರು ತೊಟ್ಟು, ತಂತಿಯಿಂದ ಒಂದು ಬೆರಳು ದೂರದಲ್ಲಿ ಗಾಳಿಯನ್ನು ಮೀಟುತ್ತ ನಿಂತೆ. ಪಕ್ಕದಲ್ಲಿ ಕೀಬೋರ್ಡಿನವ ಗುಂಡಿ ಒತ್ತಿ ಅದ್ಭುತವಾಗಿ ಬಾರಿಸಿದ. ಚಪ್ಪಾಳೆಯೆಲ್ಲ ನನಗೇ ಬಂತು. ನಾಚಿಕೆಯಿಂದ ಬಗ್ಗಿಸಿದ ತಲೆಯನ್ನು ಜನ ವಿನಯ ಎಂದುಕೊಂಡರು.

ಸ್ಕೂಟರೂ ಪೂಜೆಯಲ್ಲಿ ಕೂತಿದ್ದರಿಂದ ಮೂವರೂ ರಿಕ್ಷಾದಲ್ಲಿ ಮನೆಗೆ ಹೊರಟೆವು. ಹೆಂಡತಿಯ ಕಣ್ಣು ತೇವವಾಗಿತ್ತು. "ಎಂಟು ವರ್ಷ ನಿಮ್ಮನ್ನ ನಂಬಲಿಲ್ರಿ ನಾ. ನಂದ ತಪ್ಪಾತು" ಎಂದಳು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಬಿಡದವನು ನಾನು. ಆ ಹೊತ್ತು ತುಟಿ ಬಿಚ್ಚಲಿಲ್ಲ. ಅವ್ವ ಕೊಟ್ಟ ಮಾತು ಉಳಿಸಿದ ಮಗನ ತಲೆ ಸವರಿದಳು.

ರಾತ್ರಿಯೆಲ್ಲ ಮನಸ್ಸು ಚುಚ್ಚಿತು. ಮರುದಿನ ಬನ್ನಿ ಕೊಟ್ಟು, ಕಾಲಿಗೆರಗಿ, ಅವ್ವನ ಅಪ್ಪಣೆ ಪಡೆದು ಗಿಟಾರು ಒರೆಸಿದೆ. ಆಂಪ್ಲಿಫೈಯರಿನ ಬದಲು ಮನೆಯ ಟೇಪ್‌ರೆಕಾರ್ಡರಿಗೆ ವೈರು ಜೋಡಿಸಿದೆ. ಹೆಂಡತಿಯನ್ನು ಎದುರಿಗೆ ಕೂರಿಸಿದೆ. ಇವತ್ತು ಸುಳ್ಳಿಲ್ಲ, ಮೋಸವಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಿನ್ನೆಯ ಹಾಡನ್ನೇ ಎತ್ತಿಕೊಂಡೆ.

ಕೊಬ್ಬರಿಎಣ್ಣೆಗೆ ಬೆರಳು ಜಾರಿತು. ಭಂಡಾರ ಹೊಕ್ಕ ವಾಲ್ಯೂಮ್ ಗುಂಡಿ ಕರಕರ ಅಂದಿತು. ಹುಬ್ಬಳ್ಳಿ ಬಿಟ್ಟ ಮೇಲೆ ಒಂದು ಹಾಡೂ ಬಾರಿಸದ ನನ್ನ ಕೈಯ ಬಗ್ಗೆ ಹೇಳುವುದೇ ಬೇಡ. ಆದರೂ ಬಿಡದೆ ಕೊನೆಯ ತನಕ ಬಾರಿಸಿದೆ.

ಹೆಂಡತಿ, "ನಿನ್ನೆ ಎಷ್ಟ ಚಂದ ಬಾರಿಸಿದ್ರಿ, ಇವತ್ತ ಯಾಕ ಹಿಂಗ್ರಿ?" ಎಂದು ಮರುಕದಿಂದ ಕೇಳಿದಳು.

ಅಡಿಗೆಮನೆಯಿಂದ ಅವ್ವ ಉತ್ತರ ಕೊಟ್ಟಳು.

"ನಿನ್ನೆ ಅಂವ ಅದನ್ನ ಮುಟ್ಟಿದ್ದಿಲ್ಲ ತಂಗಿ. ಅದಕ್ಕ ಚಂದ ನುಡೀತು."