ಮರ ಕುಡಿಯದ ಹೊಗೆ

ಜಾಹೀರಾತುಗಳನ್ನು ಅಕ್ಷರಕ್ಕೆ ಅಕ್ಷರ ನಂಬುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಅತ್ತೆ, ಅಂದರೆ ನಮ್ಮಪ್ಪನ ಅಕ್ಕ. ಇಷ್ಟು ನಂಬುವವರು ಸಿಕ್ಕರೆ ಕಂಪನಿಗಳಿಗೆ ಖುಷಿಯಾಗಬೇಕು ತಾನೆ? ಎಲ್ಲಿಯ ಖುಷಿ! ಸೋಪು, ಟೀ ಪುಡಿ, ಹಲ್ಲುಪುಡಿ ಮಾರುವ ಹುಡುಗರು ಆವನಿಯಲ್ಲಿರುವ ಅತ್ತೆಯ ಚಿಲ್ಲರೆ ಅಂಗಡಿ ಹತ್ತಿರ ಬಂತೆಂದರೆ ತಲೆ ತಗ್ಗಿಸಿ ಗಾಡಿಯ ವೇಗ ಹೆಚ್ಚಿಸುತ್ತಿದ್ದರು. ಯಾಕೆಂದರೆ ಅತ್ತೆ ನಂಬಿ ಸುಮ್ಮನಾಗುವವರಲ್ಲ. ನಂಬಿ, ವಸೂಲಿಗೆ ನಿಲ್ಲುವವರು!

ಒಮ್ಮೆ ಟೀ ಪುಡಿಯವನೊಬ್ಬ ಅಂಗಡಿಯ ಬಾಗಿಲಿಗೆ 'ಒಂದೇ ಗುಟುಕು, ಮೈಯೆಲ್ಲ ಚುರುಕು' ಎಂಬ ಪೋಸ್ಟರ್ ಅಂಟಿಸಿ ಹೋದ. ಅತ್ತೆ ಅದೇ ಪುಡಿಯಲ್ಲಿ ಟೀ ಮಾಡಿ ಮಾವನಿಗೆ ದೊಡ್ಡ ಲೋಟದ ತುಂಬ ಕೊಟ್ಟರು. ಮಾವ ಕುಡಿದು, ಬಾಯಿ ಒರೆಸಿಕೊಂಡು, ರಾಗಿ ಮೂಟೆಗಳ ಮೇಲೆ ಮಲಗಿ ಗೊರಕೆ ಹೊಡೆದರು. ಮುಂದಿನ ಸಲ ಅವನು ಬಂದಾಗಲೂ ಮಾವ ಅದೇ ಮೂಟೆಗಳ ಮೇಲಿದ್ದರು. ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ಒಂದು ಸ್ಟೂಲ್ ಎಳೆದು ಹಾಕಿ, "ಕೂತ್ಕೋಪ್ಪ, ನಿಮ್ಮ ಟೀ ಕುಡಿದೇ ಮಲಗವ್ರೆ. ಅವರಿಗೆ ಚುರುಕು ಬಂದ ಮೇಲೆ ಹೋಗುವೆಯಂತೆ" ಅಂದರು. ಪಾಪ, ಅವನು ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡ.

ಇನ್ನೊಮ್ಮೆ ಮುಖ ಬೆಳ್ಳಗಾಗುವ ಕ್ರೀಮು ಬಂತು. ಅತ್ತೆ ಪರೀಕ್ಷೆ ಮಾಡದೆ ಮಾರುತ್ತಾರೆಯೇ? ಮಾವನ ಬಲಗೆನ್ನೆಗೆ ಮಾತ್ರ ದಿನಾ ಹಚ್ಚಿದರು. ಎಡಗೆನ್ನೆ ಹೋಲಿಕೆಗೆ! ಟ್ಯೂಬು ಖಾಲಿಯಾದ ಮೇಲೆ ಕ್ರೀಮಿನವನ ಮುಂದೆ ಮಾವನನ್ನು ನಿಲ್ಲಿಸಿ, ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, "ಯಾವ ಕಡೆ ಹಚ್ಚಿದ್ದೀನಿ ಹೇಳು ನೋಡೋಣ" ಅಂದರು. ಅವನು ತುಂಬ ಹೊತ್ತು ಯೋಚಿಸಿ ಎಡಗಡೆ ಅಂದ. ಆ ಕಂಪನಿಗೂ ಆವನಿಗೂ ಅಲ್ಲಿಗೆ ಋಣ ಹರಿಯಿತು.

ನಗಬೇಡಿ. ನಾನು ಇವತ್ತು ನಾಲ್ಕಕ್ಷರ ಬರೆಯುತ್ತಿದ್ದರೆ ಅದಕ್ಕೂ ಈ ಹುಚ್ಚೇ ಕಾರಣ. ಹುತ್ತೂರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ನಮ್ಮಪ್ಪ ಏಳನೇ ಕ್ಲಾಸಿಗೇ ನನ್ನ ಓದು ಬಿಡಿಸಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕಳಿಸುವವರಿದ್ದರು. ಅಷ್ಟರಲ್ಲಿ ಅತ್ತೆ ಯಾವುದೋ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ, ಹೆಣ್ಣುಮಕ್ಕಳನ್ನು ಓದಿಸಿ, ಮನೆ ಬೆಳಗುತ್ತದೆ ಎಂದು ಸರ್ಕಾರ ಬರೆಸಿದ್ದನ್ನು ನೋಡಿಬಿಟ್ಟರು. ನೇರ ನಮ್ಮ ಮನೆಗೆ ಬಂದರು.

"ಲೇ, ಗೌರ್ಮೆಂಟೇ ಗೋಡೆ ಮೇಲೆ ಬರೆದು ಒಪ್ಕೊಂಡೈತೆ. ಹುಡುಗೀನ ಓದ್ಸು. ಮನೆ ಬೆಳಗ್ದೆ ಹೋದ್ರೆ ಗೌರ್ಮೆಂಟನ್ನ ನಾನು ಕೇಳ್ಕೋತೀನಿ."

ಸರ್ಕಾರವನ್ನೇ ಕೇಳುತ್ತೇನೆ ಎನ್ನುವ ಅಕ್ಕನ ಮುಂದೆ ಅಪ್ಪ ಏನು ಮಾತಾಡಿಯಾರು? ಹುಳಗಳು ಸೊಪ್ಪು ಮೇಯುವ ಸದ್ದಿನಲ್ಲಿ ಓದಿ, ಅಕೌಂಟೆನ್ಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ನಮ್ಮ ವಂಶದಲ್ಲೇ ಮೊಟ್ಟಮೊದಲ ಬಿ.ಕಾಂ. ಆದೆ. ಇದನ್ನು ಹೇಳುವಾಗ ನನಗೆ ಈಗಲೂ ಜಂಬ ಬರುತ್ತದೆ. ಬರಲಿ ಬಿಡಿ, ಪುಕ್ಕಟೆ ಸಿಕ್ಕಿದ್ದಲ್ಲವಲ್ಲ!

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಜಾಹೀರಾತುಗಳಿಗೆಲ್ಲ ಇದ್ದಕ್ಕಿದ್ದಂತೆ ಹಸಿರು ಬಣ್ಣ ಬಂತು. ಸೋಪಿನ ಮೇಲೆ ಎಲೆ, ಬ್ಯಾಟರಿ ಸೆಲ್ಲಿನ ಮೇಲೆ ಎಲೆ, ಕೊನೆಗೆ ಸೊಳ್ಳೆ ಬತ್ತಿಯ ಮೇಲೂ ಎಲೆ! 'ಪ್ರಕೃತಿಯ ಗೆಳೆಯ' ಎಂದು ಬರೆದಿದ್ದ ಆ ಸೊಳ್ಳೆ ಬತ್ತಿಯ ಪೊಟ್ಟಣ ಹಿಡಿದು ಅತ್ತೆ ಮಾರಾಟದವನನ್ನು ಕೇಳಿದರು, "ಸೊಳ್ಳೆ ಪ್ರಕೃತಿ ಅಲ್ವೇನಪ್ಪ?" ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. 'ಪರಿಸರ ಸ್ನೇಹಿ' ಬಟ್ಟೆ ಸೋಪಿನ ನೀರನ್ನು ತಪ್ಪದೆ ಕರಿಬೇವಿನ ಗಿಡಕ್ಕೆ ಹಾಕಿದರು. ಸ್ನೇಹಿತರಲ್ಲವೇ, ಒಬ್ಬರಿಗೊಬ್ಬರು ಆಗಲಿ ಎಂದು! ಗಿಡ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತು. ಕೇಳಿಕೊಂಡು ಬಂದ ಗಿರಾಕಿಗಳಿಗೆಲ್ಲ ಅತ್ತೆ, "ಆ ಸೋಪು ಬ್ಯಾಡಮ್ಮ, ಅದಕ್ಕೂ ನಮ್ಮ ಕರಿಬೇವಿಗೂ ಮಾತಿಲ್ಲ" ಅನ್ನುತ್ತಿದ್ದರು.

ಇಂಥ ಅತ್ತೆ ಇರುವ ನನಗೆ ಸಿಕ್ಕ ಕೆಲಸ ಯಾವುದು ಗೊತ್ತೆ? ಜಾಹೀರಾತಿನದು!

ಕೋಲಾರದ ಒಂದು ದ್ವಿಚಕ್ರ ವಾಹನದ ಶೋರೂಮಿನಲ್ಲಿ ಪ್ರಚಾರದ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ. ಬೆಂಗಳೂರಿನ ಮ್ಯಾನೇಜರ್ ಬಂದು, ನೋಡಿ, ಹೂಂ ಅನ್ನಬೇಕು. ಆ ವರ್ಷ ಕಂಪನಿ ಹೊಸ ಯೋಜನೆ ತಂದಿತ್ತು, 'ನಿಮ್ಮ ಗಾಡಿ, ನಿಮ್ಮ ಮರ'. ಗಾಡಿ ಕೊಂಡರೆ ನೀವು ಹೇಳಿದವರ ಹೆಸರಿನಲ್ಲಿ ಕಂಪನಿ ಒಂದು ಗಿಡ ನೆಟ್ಟು, ನೀರೆರೆದು ಬೆಳೆಸುತ್ತದೆ. ನಿಮ್ಮ ಗಾಡಿ ಬಿಡುವ ಹೊಗೆಯನ್ನು ನಿಮ್ಮ ಮರ ಕುಡಿಯುತ್ತದೆ. ಪಾಪವೂ ಇಲ್ಲ, ಹೊಗೆಯೂ ಇಲ್ಲ! ಮುಳಬಾಗಿಲಿನಿಂದ ಅಂಗಡಿ ಸಾಮಾನು ತರಲು ಮಾವನಿಗೊಂದು ಮೊಪೆಡ್ ಬೇಕಿತ್ತು. ಅತ್ತೆ ಬಂದೇಬಿಟ್ಟರು. ನಾನು ಕರಪತ್ರ ಓದಿ ಹೇಳಿದೆ.

"ಹೊಗೆ ಬಿಡೋದು ಆವನಿಯಾಗೆ, ಮರ ಇರೋದು ಕೋಲಾರದ ಹತ್ರ. ಹೊಗೆ ಹೆಂಗೆ ಹೋಗ್ತದೆ, ಬಸ್ ಹತ್ಕೊಂಡಾ?"

"ಹಾಗಲ್ಲ ಅತ್ತೆ. ಗಾಳಿ ಎಲ್ಲ ಕಡೆ ಒಂದೇ. ಇಲ್ಲಿ ಆಗಿದ್ದನ್ನ ಅಲ್ಲಿ ಕಳೆದ್ರೂ ಲೆಕ್ಕ ಸರಿಹೋಗುತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. ಆಮೇಲೆ ಮುಖ ಅರಳಿತು. "ಓ, ಕಾಗೆ ಮುಟ್ಟಿದ ಹಂಗೆ! ಕಾಗೆ ತಲೆ ಮುಟ್ಟಿದ್ರೆ, ಸತ್ತೋದ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸಲ್ವಾ? ಅವರು ಅಲ್ಲಿ ಅಳ್ತಾರೆ, ದೋಷ ಇಲ್ಲಿ ಕಳೀತದೆ. ಇದನ್ನ ಹೇಳೋಕೆ ಇಷ್ಟುದ್ದ ಕಾಗದ ಬೇಕಿತ್ತೇನೇ?"

ಮರ ಯಾರ ಹೆಸರಿನಲ್ಲಿ ಎಂದು ಚೀಟಿ ಕೊಟ್ಟಾಗ ಅತ್ತೆ ಪರೀಕ್ಷೆಯಲ್ಲಿ ಪಕ್ಕದವರಿಗೆ ಉತ್ತರ ತೋರಿಸದ ಹುಡುಗಿಯಂತೆ ಸೆರಗು ಅಡ್ಡ ಹಿಡಿದು, ನಿಧಾನವಾಗಿ ಬರೆದು, ಮಡಿಸಿ ಕ್ಯಾಷಿಯರ್ ಕೈಗೆ ಕೊಟ್ಟರು. ತಮ್ಮ ಹೆಸರು ಬರೆಯುವುದಕ್ಕೂ ಇಷ್ಟು ನಾಚಿಕೆಯೇ ಎಂದು ನಾನು ನಕ್ಕೆ.

ಮುಳಬಾಗಿಲು ರಸ್ತೆಯ ಪಕ್ಕ, ಬೇಲಿ ಹಾಕಿದ ಜಾಗದಲ್ಲಿ ಗಿಡಗಳನ್ನು ನೆಟ್ಟದ್ದಾಯಿತು, ಒಂದೊಂದಕ್ಕೂ ಹೆಸರಿನ ತಗಡು ಕಟ್ಟಿದ್ದಾಯಿತು, ಫೋಟೋ ತೆಗೆದದ್ದಾಯಿತು. ನೀರು ಹಾಕುವ ಗುತ್ತಿಗೆ ಯಾರಿಗೋ ಹೋಯಿತು. ನಾನು ದಿನಾ ಹುತ್ತೂರಿನ ಬಸ್ಸಿನಲ್ಲಿ ಬಂದು ಹೋಗುವವಳು. ಆ ಕಡೆ ಹೋಗುವ ಪ್ರಮೇಯವೇ ಬರಲಿಲ್ಲ.

ಬೇಸಿಗೆ ಬಂತು. ಮ್ಯಾನೇಜರೂ ಬಂದರು. ಬೆಳಿಗ್ಗೆಯಿಂದ ಎಲ್ಲ ನೋಡಿ, ತಲೆಯಾಡಿಸಿ, "ಕೆಲಸ ಚೆನ್ನಾಗಿ ಮಾಡಿದೀರಮ್ಮ. ಮಧ್ಯಾಹ್ನ ನಿಮ್ಮ ವನ ನೋಡಿಬಿಟ್ಟು ಕಾಯಂ ಮಾಡೋ ವಿಷಯ ಮಾತಾಡೋಣ" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಗ ಫೋನ್ ಬಂತು. ಮಾವ.

"ಅಮ್ಮಾಯೀ... ನಿಮ್ಮತ್ತೆ ಹೋಗ್ಬಿಟ್ಲಮ್ಮಾ..."

ಅಷ್ಟೇ. ಫೋನ್ ಕಟ್.

ಆಮೇಲೆ ನಾನು ಏನು ಮಾಡಿದೆ ಎಂಬುದನ್ನು ಶೋರೂಮಿನವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಪ್ಲಾಸ್ಟಿಕ್ ಕವರು ಕೂಡ ತೆಗೆಯದ ಹೊಸ ಸ್ಕೂಟರಿನ ಸೀಟನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆನಂತೆ. ಅದನ್ನು ಕೊಳ್ಳಲು ಬಂದಿದ್ದ ಗಿರಾಕಿ, ಅಪಶಕುನ ಎಂದು ಬೇರೆ ಬಣ್ಣದ್ದು ಕೇಳಿದನಂತೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. "ಅಳಬೇಡಿ, ಬನ್ನಿ, ನಾನೇ ಬಿಡ್ತೀನಿ" ಎಂದು ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಹೊರಟರು.

ದಾರಿಯಲ್ಲಿ ವನ ಸಿಕ್ಕಿತು. ವನ ಅಂದರೆ, ನೆಲದಲ್ಲಿ ಊದಿನಕಡ್ಡಿ ಸಿಕ್ಕಿಸಿದಂತೆ ಒಣಗಿದ ಕಡ್ಡಿಗಳು, ಒಂದೊಂದಕ್ಕೂ ಒಂದೊಂದು ತಗಡು. ಯಾವ ಜಾತಿಯ ಗಿಡ ಎಂದು ಗೊತ್ತಾಗುವ ಮೊದಲೇ ತೀರಿಕೊಂಡಿದ್ದವು. ಮ್ಯಾನೇಜರ್ ಕಾರು ನಿಧಾನ ಮಾಡಿ, "ಇದೇನಾ ನಮ್ಮ..." ಅಂದರು. ನಾನು ಇನ್ನೂ ಜೋರಾಗಿ ಅಳತೊಡಗಿದೆ. ಅವರು ಕಾರಿನ ವೇಗ ಹೆಚ್ಚಿಸಿದರು. ಅತ್ತೆಯೂ ಹೋದರು, ಕೆಲಸವೂ ಹೋಯಿತು. ಯಾವುದಕ್ಕೆ ಎಷ್ಟು ಅಳುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಆವನಿಗೆ ಬಂದೆವು. ಅಂಗಡಿಯ ಮುಂದೆ ಜನ ಸೇರಿರಲಿಲ್ಲ. ಚಟ್ಟವಿಲ್ಲ, ಹೊಗೆಯಿಲ್ಲ. ಕಾರಿನಿಂದ ಇಳಿದು ಓಡಿ ಹೋಗಿ ನೋಡುತ್ತೇನೆ, ಅತ್ತೆ ಗಲ್ಲಾದ ಹಿಂದೆ ಕೂತು ತಕ್ಕಡಿಯಲ್ಲಿ ಬೆಲ್ಲ ತೂಗುತ್ತಿದ್ದಾರೆ!

"ಅತ್ತೇ! ನೀವು... ಬದುಕಿದ್ದೀರಾ?"

"ಇನ್ನೇನು, ಸತ್ತೋರು ಬೆಲ್ಲ ತೂಗ್ತಾರಾ? ಕಣ್ಣೆಲ್ಲ ಊದ್ಕೊಂಡವೆ, ಚೆನ್ನಾಗಿ ಅತ್ಯಾ? ನೀರು ಬಂತಾ, ಬರೀ ಸದ್ದಾ?"

ಹಿಂದೆ ಬಂದ ಮ್ಯಾನೇಜರ್ ಸಾಕ್ಷಿ ನುಡಿಯುವವರಂತೆ, "ತುಂಬಾನೇ ಅತ್ತರು ಅಮ್ಮ, ಕೋಲಾರದಿಂದ ಇಲ್ಲೀವರೆಗೂ" ಅಂದರು.

"ಹಂಗಾದ್ರೆ ದೋಷ ಕಳೀತು! ಕೂತ್ಕಳಿ ಸ್ವಾಮಿ, ಕಾಫಿ ಕುಡೀರಿ."

ನಾನು ಅಲ್ಲೇ ರಾಗಿ ಮೂಟೆಯ ಮೇಲೆ ಕುಸಿದೆ. ಕೋಪ ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತೆ ಉಸಿರು ತಾನಾಗಿ ಆಡಿತು. ಅತ್ತೆ ಇದ್ದಾರೆ! ಕೆಲಸ ಹೋದರೆ ಹೋಗಲಿ, ಹಿಪ್ಪುನೇರಳೆ ಸೊಪ್ಪು ಎಲ್ಲಿ ಓಡಿಹೋಗುತ್ತದೆ? ಮಾವ ಮೂಲೆಯಿಂದ ಮೆಲ್ಲಗೆ ಅಂದರು, "ನಾನು ಬ್ಯಾಡ ಅಂದೆ ಅಮ್ಮಾಯಿ. ಕೇಳ್ತಾಳಾ? ನಿನ್ನೆ ಸಂಜೆ ದಾರೀಲಿ ಆ ಗಿಡ ಒಣಗಿದ್ದು ನೋಡ್ಬಿಟ್ಲು. ಹೆಸರಿಟ್ಟ ಗಿಡ ಒಣಗೋದು ಕಾಗೆ ಮುಟ್ಟಿದ ಹಂಗೇ ಅಂದ್ಳು. ಮನೆಗೆ ಬಂದ ಮೇಲಿಂದ ಗಾಡಿ ಸ್ಟಾರ್ಟ್ ಮಾಡೋ ಹಂಗಿಲ್ಲ. ಫೋನ್ ಮಾಡೋಕೆ ಬೂತಿನ ತನಕ ತಳ್ಕೊಂಡೇ ಹೋಗಿದ್ದೆ."

"ಗಾಡಿ ಬಿಟ್ಟು ನಡೆದು ಹೋಗಬಹುದಿತ್ತಲ್ಲ ಮಾವ?"

"ಹೊಸ ಗಾಡಿ ಮನೇಲಿಟ್ಟು ನಡೆದ್ರೆ ಜನ ಏನಂದ್ಕೋತಾರೆ!"

ಅಷ್ಟರಲ್ಲಿ ಅತ್ತೆ ಗಲ್ಲಾದ ಕೆಳಗಿನಿಂದ ಒಣಗಿದ ಕಡ್ಡಿಯೊಂದನ್ನು ತೆಗೆದು ಮ್ಯಾನೇಜರರ ಕಾಫಿ ಲೋಟದ ಪಕ್ಕ ಇಟ್ಟರು. ತಗಡು ಕವುಚಿಕೊಂಡು ಬಿದ್ದಿತು. "ಇದು ನೀವು ನೆಟ್ಟು, ನೀರೆರೆದು ಬೆಳೆಸಿದ ಮರ. ಸರಿ. ನಮ್ಮೆಜಮಾನ್ರು ಆರು ತಿಂಗಳಿಂದ ಊರೆಲ್ಲ ಹೊಗೆ ಬಿಟ್ಕೊಂಡು ತಿರುಗವ್ರೆ. ಕುಡೀಬೇಕಾದ ಮರ ಸತ್ತೋಗೈತೆ. ಆ ಹೊಗೆ ಈಗ ಎಲ್ಲಿ ನಿಂತೈತೆ ಸ್ವಾಮಿ?"

"ಅಮ್ಮಾ, ಅದು... ನೆಟ್ಟಿದ್ದೆಲ್ಲ ಉಳಿಯಲ್ಲ, ಸರ್ವೈವಲ್ ರೇಟು ಅಂತ ಒಂದಿರುತ್ತೆ..."

"ನಮ್ಮಂಗಡೀಲಿ ಎರಡು ರೇಟಿಲ್ಲ ಸ್ವಾಮಿ. ಬರೆದ ಮೇಲೆ ಮುಗೀತು."

ಮ್ಯಾನೇಜರ್ ಕಾಫಿ ಲೋಟ ಕೆಳಗಿಟ್ಟರು. ಕಡ್ಡಿ ನೋಡಿದರು, ಅತ್ತೆಯನ್ನು ನೋಡಿದರು. ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಗುತ್ತಿಗೆಯವನನ್ನ ತೆಗೀತೀನಿ. ಮಳೆ ಶುರುವಾದ ಕೂಡಲೇ ಹೊಂಗೆ, ಬೇವು ಹಾಕ್ಸಿ. ನೀರಿನ ಟ್ಯಾಂಕರ್ ಜವಾಬ್ದಾರಿ ನಿಮ್ಮದು. ಕಾಯಂ ಮಾಡೋ ಆರ್ಡರು ನಾಳೆ ಕಳಿಸ್ತೀನಿ" ಅಂದರು. ಅತ್ತೆಯನ್ನು ನೋಡಿ, "ಇವರು ಬಂದು ತಪಾಸಣೆ ಮಾಡ್ತಾರೆ ಅಂದ ಮೇಲೆ ಗಿಡ ಸಾಯೋಕೆ ಹೆದರಬೇಕು!" ಎಂದರು.

ಒಂದೇ ದಿನ ಹೋದ ಅತ್ತೆಯೂ ಬಂದರು, ಹೋದ ಕೆಲಸವೂ ಬಂತು. ಇಷ್ಟು ಸಮಾಧಾನವನ್ನು ಒಟ್ಟಿಗೆ ತಡೆದುಕೊಳ್ಳುವ ಅಭ್ಯಾಸ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಮ್ಯಾನೇಜರ್ ಮೊಪೆಡ್ ನೋಡಲು ಮಾವನ ಜೊತೆ ಹೊರಗೆ ಹೋದಾಗ ಅತ್ತೆಯನ್ನು ಗದರಿಸಿದೆ. "ಒಂದು ಗಿಡ ಒಣಗಿದ್ದಕ್ಕೆ ನಿಮ್ಮನ್ನೇ ಸಾಯಿಸ್ಕೊಳ್ಳೋದಾ? ನಿಮ್ಮ ಹೆಸರಿನ ಗಿಡ ಆದರೇನು, ಹೆಸರೇನು ಪ್ರಾಣವಾ?"

ಅತ್ತೆ ಕಡ್ಡಿಯನ್ನು ನನ್ನ ಕಡೆ ತಳ್ಳಿದರು. ನಾನು ತಗಡು ತಿರುಗಿಸಿದೆ. ಅದರಲ್ಲಿದ್ದದ್ದು ನನ್ನ ಹೆಸರು. ಹೆಸರಿನ ಮುಂದೆ, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, ಬಿ.ಕಾಂ.

"ಹಾಗಿದ್ರೆ ದೋಷ ನನ್ನದಲ್ವಾ ಅತ್ತೆ? ಪದ್ಧತಿ ಪ್ರಕಾರ ನಾನು ಹೋದೆ ಅಂತ ಅಪ್ಪನಿಗೆ ಸುದ್ದಿ ಕಳಿಸಬೇಕಿತ್ತು."

"ರಾತ್ರಿಯಿಂದ ಹೇಳಿ ನೋಡ್ದೆ ಕಣೇ. ಆ ಮಾತು ಬಾಯಿಗೆ ಬರ್ಲಿಲ್ಲ." ಅತ್ತೆ ತಕ್ಕಡಿಯ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. "ಅಲ್ಲಿ ಆಗಿದ್ದನ್ನ ಇಲ್ಲಿ ಕಳೆದ್ರೂ ಲೆಕ್ಕ ಸರಿಹೋಗ್ತದೆ ಅಂತ ನೀನೇ ಓದಿ ಹೇಳಿದ್ಯಲ್ಲ. ಅದಕ್ಕೇ ನಾನು ಹೋದೆ."

ನನ್ನ ಕಣ್ಣುಗಳು ಮತ್ತೆ ತುಂಬಿ ಬಂದವು. ಅತ್ತೆ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಬೆಲ್ಲದ ಅಂಟೆಲ್ಲ ನನ್ನ ಕೆನ್ನೆಗೆ ಹತ್ತಿತು.

"ಈಗ್ಯಾಕೆ ಅಳ್ತೀಯೇ ಹುಚ್ಚಿ? ದೋಷ ಆಗ್ಲೇ ಕಳೀತು. ಇದು ದಂಡ ಕಣೇ."