ಬಲಗಡೆ ಸಿಲಿಂಡರು

ಗಂಡಸಾದವನು ತನ್ನ ಗಾಡಿಯ ವಿಷಯದಲ್ಲಿ ಹೆಂಡತಿಯ ಮುಂದೆ ‘ಗೊತ್ತಿಲ್ಲ’ ಎನ್ನಬಾರದೆಂದು ನನಗೆ ಯಾರು ಹೇಳಿಕೊಟ್ಟರೋ ಕಾಣೆ. ಅವರು ಕೈಗೆ ಸಿಕ್ಕಿದರೆ ಇವತ್ತಿಗೂ ನಾಲ್ಕು ಮಾತು ಕೇಳುವುದಿದೆ.

ಎಂಬತ್ತೆರಡನೇ ಇಸವಿ. ನಾನಾಗ ಹುತ್ತೂರಿನಲ್ಲಿ ಮೇಷ್ಟ್ರು. ಕೋಲಾರದಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್ ಬೈಕ್ ಕೊಂಡಿದ್ದೆ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಸೈಲೆನ್ಸರು. ಎರಡು ಸೈಲೆನ್ಸರ್ ಇದ್ದ ಮೇಲೆ ಎರಡು ಸಿಲಿಂಡರ್ ಇರಲೇಬೇಕಲ್ಲ! ಹಾಗೆಂದು ಸ್ಟಾಫ್ ರೂಮಿನಲ್ಲಿ, ಹಾಲಿನ ಡೈರಿಯ ಹತ್ತಿರ, ಕೊನೆಗೆ ತಾಯಲೂರಿನ ಮಾವ ಚನ್ನರಾಯಪ್ಪನವರಿಗೂ ಸಾರಿಬಿಟ್ಟಿದ್ದೆ. (ಬಗ್ಗಿ ಎಣಿಸಿ ನೋಡುವುದು ನನ್ನಂಥ ವಿದ್ಯಾವಂತರಿಗೆ ಶೋಭೆಯಲ್ಲ.)

ಆ ಶುಕ್ರವಾರ ತಾಯಲೂರಿನಲ್ಲಿ ನಾದಿನಿಯ ನಿಶ್ಚಿತಾರ್ಥ. ಅತ್ತೆ ತೀರಿಕೊಂಡಿದ್ದರು. ತಾಂಬೂಲ ಬದಲಾಯಿಸಲು ದಂಪತಿಯೇ ಆಗಬೇಕು, ಮಾವ ಒಬ್ಬರೇ ಕೂರುವಂತಿಲ್ಲ. ಹಾಗಾಗಿ ಹಿರಿಮಗಳು ಶ್ಯಾಮಲಾ, ಹಿರಿಯ ಅಳಿಯ ನಾನು, ಇಬ್ಬರೂ ಜೊತೆಗೆ ಕೂರಬೇಕು. ಅದೂ ಹತ್ತೂವರೆಗೆ ರಾಹುಕಾಲ ಶುರುವಾಗುವುದರೊಳಗೆ.

“ರೀ, ಬೆಳಗ್ಗೆ ಬಸ್ಸಿಗೇ ಹೋಗೋಣ” ಎಂದಳು ಶ್ಯಾಮಲಾ.

“ಗಾಡಿ ಇಟ್ಕೊಂಡು ಬಸ್ಸಲ್ಲಿ ನೇತಾಡೋದಾ? ಬೀಗರು ಏನಂದ್ಕೋತಾರೆ?”

ಮುಳಬಾಗಿಲು ಇನ್ನೊಂದು ಮೈಲಿ ಇದೆ ಎನ್ನುವಾಗ ಗಾಡಿ ಕೆಮ್ಮತೊಡಗಿತು. ಏರು ಹತ್ತಲಾರದೆ ನಿಂತೇಹೋಯಿತು. ನಾನು ಇಳಿದು, ಧನ್ವಂತರಿಯ ಗಾಂಭೀರ್ಯದಿಂದ ಎರಡೂ ಸೈಲೆನ್ಸರಿನ ನಾಡಿ ಹಿಡಿದೆ. ಎಡಗಡೆಯದು ಕೈ ಸುಟ್ಟಿತು, ಬಲಗಡೆಯದು ಅಷ್ಟು ಬಿಸಿಯಿರಲಿಲ್ಲ.

“ಗೊತ್ತಾಯ್ತು ಬಿಡು. ಬಲಗಡೆ ಸಿಲಿಂಡರು ಫೈರ್ ಆಗ್ತಿಲ್ಲ.”

“ಹಾಗಂದ್ರೆ?”

“ಎರಡು ಎತ್ತಲ್ಲಿ ಒಂದು ಮಲಗಿದೆ ಅಂದ್ಕೊ.”

“ಎಬ್ಬಿಸಿ ಮತ್ತೆ, ಒಂಬತ್ತಾಯ್ತು!”

ಕಣ್ಣಿಗೆ ಕಂಡ ಒಂದು ಪ್ಲಗ್ಗನ್ನು ಬಿಚ್ಚಿ, ಒರೆಸಿ, ಊದಿ, ಮತ್ತೆ ಹಾಕಿದೆ. ಇನ್ನೊಂದಕ್ಕಾಗಿ ಟ್ಯಾಂಕಿನ ಕೆಳಗೆ, ಸೀಟಿನ ಕೆಳಗೆ, ಕೊನೆಗೆ ಟೂಲ್ ಬಾಕ್ಸಿನೊಳಗೂ ಹುಡುಕಿದೆ.

“ಏನ್ರೀ ಹುಡುಕ್ತಿದೀರ?”

“ಅದನ್ನ ಒಳಗೆಲ್ಲೋ ಇಟ್ಟಿರ್ತಾರೆ ಕಣೇ, ನಿಂಗೆ ಗೊತ್ತಾಗಲ್ಲ.”

ಅವಳು ಮೈಲಿಗಲ್ಲಿನ ಮೇಲೆ ಕೂತಳು. “ಅಮ್ಮ ಇದ್ದಿದ್ರೆ ನಾವಿಲ್ದೇನೂ ನಡೆದುಹೋಗ್ತಿತ್ತು” ಎಂದಳು ಮೆಲ್ಲಗೆ. ಕಣ್ಣು ತುಂಬಿತ್ತು. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಟೂಲ್ ಬಾಕ್ಸ್ ಮುಚ್ಚಿ ಗಾಡಿ ತಳ್ಳಿದೆ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೂ ಹಿಂದಿನಿಂದ ತಳ್ಳಿದಳು.

ಊರ ಮೊದಲಲ್ಲೇ ಹುಣಸೆಮರದ ಕೆಳಗೆ ಮೆಕ್ಯಾನಿಕ್ ತಾಜ್ ಪಾಷಾ ಸಿಕ್ಕಿದರು.

“ಎರಡನೇ ಸಿಲಿಂಡರು ಕೈಕೊಟ್ಟಿದೆ ಸಾಬ್ರೇ” ಎಂದೆ.

ಅವರು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಎರಡನೇದು ಎಲ್ಲೈತೆ ಸಾರ್? ಇದಕ್ಕಿರೋದೇ ಒಂದು. ಹೊಗೆ ಹೋಗಕ್ಕೆ ದಾರಿ ಎರಡು, ಅಷ್ಟೇ.”

ಬಲಗಡೆ ಸೈಲೆನ್ಸರಿನೊಳಗೆ ಕೊಕ್ಕೆ ತಂತಿ ಬಿಟ್ಟು ಎಳೆದರು. ಕರ್ರಗಿನ ಬಟ್ಟೆಯ ಉಂಡೆ ಹೊರಬಂತು.

ಶ್ಯಾಮಲಾ ಬಗ್ಗಿ ನೋಡಿದಳು. “ರೀ, ಇದು ನಿಮ್ಮ ಬನೀನು.”

ಬೀಗರ ಮುಂದೆ ಫಳಫಳ ಹೊಳೆಯಲೆಂದು ಹಿಂದಿನ ಸಂಜೆ ಗಾಡಿ ತೊಳೆದಿದ್ದೆ. ಒಳಗೆ ನೀರು ನುಗ್ಗದಿರಲೆಂದು ಎರಡಕ್ಕೂ ಹರಕು ಬನೀನು ತುರುಕಿದ್ದೆ. ಎಡಗಡೆಯದನ್ನು ತೆಗೆದಿದ್ದೆ, ಅಷ್ಟರಲ್ಲಿ ಅವಳು ಕಾಫಿಗೆ ಕರೆದಿದ್ದಳು. (ತಪ್ಪು ಕಾಫಿಯದು.)

ಹತ್ತೂ ಇಪ್ಪತ್ತಕ್ಕೆ ತಾಯಲೂರು ಮುಟ್ಟಿ, ಏದುಸಿರಲ್ಲೇ ತಾಂಬೂಲ ಬದಲಾಯಿಸಿದೆವು. “ಯಾಕೆ ತಡವಾಯ್ತು?” ಎಂದು ಗಂಡಿನ ತಂದೆ ಅಶ್ವತ್ಥಪ್ಪನವರು ಕೇಳಿದಾಗ ನಾನು ತಾಂಬೂಲದ ತಟ್ಟೆ ಸರಿಮಾಡತೊಡಗಿದೆ.

ಶ್ಯಾಮಲಾ ಹೇಳಿದಳು: “ದಾರೀಲಿ ಗಾಡಿ ಕೆಟ್ಟಿತ್ತು. ಇವರೇ ಬಿಚ್ಚಿ ಸರಿ ಮಾಡಿದ್ರು. ಎಂಜಿನ್ ಅಂದ್ರೆ ಇವರಿಗೆ ನೀರು ಕುಡಿದಷ್ಟು ಸುಲಭ.”

ನಲವತ್ತು ವರ್ಷವಾಯಿತು. ಆ ಗಾಡಿ ಯಾರ ಪಾಲಾಯಿತೋ. ಆ ಮಾತು ಹೇಳುವಾಗ ಅವಳ ಸೆರಗಿಗೆ ಮೆತ್ತಿದ್ದ ಗ್ರೀಸು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿಯ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಅದು ಅರ್ಧ ನಿಮಿಷ ಇತ್ತು.

“ಏಮಪ್ಪಾ ಅಲ್ಲುಡೂ, ಮುಂಚೇನೇ ಹೇಳಬಾರ್ದಾ!” ಅಳಿಯನನ್ನು ತೆಲುಗಿನಲ್ಲೇ ಕರೆದು ಮಾವ ಹಿಗ್ಗಿಹೋದರು. “ಬಾವಿ ಹತ್ರ ಡೀಸೆಲ್ ಎಂಜಿನ್ನು ಮೂರು ದಿನದಿಂದ ಏಳ್ತಿಲ್ಲ. ಹಿಪ್ಪುನೇರಳೆ ಒಣಗ್ತಿದೆ, ಬಾ ಬಾ!”

ಎರಡೂ ಕಡೆಯ ನೆಂಟರು ಹೋಳಿಗೆ ಬಿಟ್ಟು ನನ್ನ ಹಿಂದೆ ಹೊರಟರು. ಬಾವಿಯ ಹತ್ತಿರ ಮದುವೆ ಗಂಡು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, “ಅಣ್ಣಾ, ನಂಗೂ ಕಲಿಸಿಕೊಡಿ” ಎಂದು ಭಕ್ತಿಯಿಂದ ಸ್ಪಾನರ್ ಕೊಟ್ಟ. ನಾನು ಅಂಗಿಯ ತೋಳು ಮಡಚಿ, ಎಲ್ಲರನ್ನೂ ಒಮ್ಮೆ ನೋಡಿ, ಮೊದಲ ನಟ್ಟನ್ನು ಬಲವಾಗಿ ತಿರುಗಿಸಿದೆ.

ಅದು ಇನ್ನಷ್ಟು ಬಿಗಿಯಾಯಿತು.