ಗಡಿಯಾರ ಬರುವ ಮೊದಲೇ ಹೊಡೆದ ಮೊಳೆ

ನಾನು ಓಡಬಲ್ಲೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ರಾಯಚೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ದಿನಾ ಬೆಳಿಗ್ಗೆ ಶಾಲೆಗೆ ಓಡಿಯೇ ಹೋಗುತ್ತಿದ್ದೆ. ಯಾಕೆಂದರೆ ಮನೆಯಲ್ಲಿ ಗಡಿಯಾರವಿರಲಿಲ್ಲ! ರೈಲಿನ ಸೀಟಿ ಕೇಳಿ ಹೊತ್ತು ತಿಳಿಯುವ ಸಂಸಾರ ನಮ್ಮದು. ರೈಲು ತಡವಾದ ದಿನ ನಾನೂ ತಡ.

ನಿಜಾಮರ ಆಳಿಕೆಯ ಕಡೆಯ ವರ್ಷಗಳವು. ಒಂದು ದಿನ ಕಚೇರಿಯ ಗೋಡೆಯ ಮೇಲೆ ಉರ್ದುವಿನಲ್ಲಿ ಬರೆದ ಇಶ್ತಿಹಾರು, ಎಂದರೆ ಪ್ರಕಟಣೆ, ಕಾಣಿಸಿತು. ಕಲ್ಮಲದಿಂದ ರಾಯಚೂರಿನ ಕೋಟೆ ಬಾಗಿಲವರೆಗೆ ಹತ್ತು ಮೈಲಿಯ ಓಟ. ಮೊದಲು ಬಂದವನಿಗೆ ಗೋಡೆ ಗಡಿಯಾರ. ಓದುತ್ತ ನಿಂತಲ್ಲೇ ನನ್ನ ಕಾಲುಗಳು ತುರಿಸತೊಡಗಿದವು.

ಈ ಆಸೆಗೆ ಇನ್ನೊಂದು ಗುಟ್ಟಿನ ಕಾರಣವೂ ಇತ್ತು. ನಮ್ಮ ಮನೆಯಲ್ಲಿದ್ದ ಸಾಮಾನೆಲ್ಲ ನನ್ನ ಹೆಂಡತಿ ರುಕ್ಮಾಳ ತವರಿನದು. ಮಾನ್ವಿಯ ನನ್ನ ಮಾವನವರು ಕೊಟ್ಟ ಕೊಡ, ತಂಬಿಗೆ, ತಾಟು, ಕಡೆಗೆ ಒಗ್ಗರಣೆ ಸೌಟಿನ ಮೇಲೂ ಅವರ ಹೆಸರು ಕೆತ್ತಿಸಿತ್ತು. ನೀರು ಕುಡಿಯಲು ತಂಬಿಗೆ ಎತ್ತಿದರೆ ಮೂಗಿನ ಮುಂದೆ ಮಾವ! ಉಂಡು ತಾಟು ಖಾಲಿ ಮಾಡಿದರೆ ತಳದಲ್ಲಿ ಮತ್ತೆ ಮಾವ! ಇದು ನಾನು ಗಳಿಸಿದ್ದು ಎಂದು ತೋರಿಸಲು ಒಂದು ಚಮಚವೂ ಇರಲಿಲ್ಲ. ರುಕ್ಮಾ ಒಂದು ದಿನವೂ ಅದನ್ನು ಆಡಿ ತೋರಿಸಿದವಳಲ್ಲ. ಆದರೂ ನನಗೆ ಒಳಗೊಳಗೇ ಚುಚ್ಚುತ್ತಿತ್ತು.

"ಗಡಿಯಾರ ಎಲ್ಲೆ ಹಾಕೋಣು?" ಎಂದು ಅವಳನ್ನು ಕೇಳಿದೆ.

"ಮೊದ್ಲ ಬರ್ಲಿ ತಡೀರಿ," ಎಂದಳು.

ಬಂದಂತೆಯೇ ಅಲ್ಲವೆ! ಅಂದೇ ನೆರೆಮನೆಯ ಖಾಸಿಂ ಸಾಹೇಬರ ಹತ್ತಿರ ಹೋದೆ. ಬಜಾರಿನಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಅವರದು. ಒಂದು ದೊಡ್ಡ ಮೊಳೆ, ಒಂದು ಸುತ್ತಿಗೆ ಕೇಳಿದೆ.

"ಕ್ಯಾ ಮಾಸ್ತರ್ ಸಾಬ್, ಘಡಿ ಇನ್ನಾ ಬಂದಿಲ್ಲ, ಮೊಳಿ ಈಗ್ಲೇ ಹೊಡೀತೀರಿ?"

"ತಯಾರಿ ಅನ್ನೂದು ಮೊದ್ಲ ಇರಬೇಕ್ರಿ ಸಾಹೇಬ್ರ."

"ಅಚ್ಛಾ! ಮೊಳಿ ನನ್ನ ಕಡಿಂದ ನಜರಾನಾ. ಸುತ್ತಿಗಿ ಮಾತ್ರ ವಾಪಸ್ ಕೊಡ್ರಿ."

ಮೊದಲ ಏಟಿಗೆ ಗಚ್ಚು ಉದುರಿ ಗೋಡೆಯಲ್ಲಿ ತೂತು ಬಿತ್ತು. ಪಕ್ಕದಲ್ಲಿ ಹೊಡೆದೆ, ಇನ್ನೊಂದು ತೂತು. ಮೂರನೆಯ ಕಡೆ ಮೊಳೆ ನಿಂತಿತು. ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ ಆ ಮೊಳೆಯ ದರ್ಶನ ಮಾಡಿಕೊಂಡು ಕೋಟೆಯ ಸುತ್ತ ಓಡಿದೆ.

ಇನ್ನು ನನ್ನ ಮುಖ್ಯ ಪ್ರಮಾದಕ್ಕೆ ಬರುತ್ತೇನೆ. ಆಗ ನಿಜಾಮ ಸರಕಾರಕ್ಕೆ ಅದರದೇ ಫಸಲಿ ಲೆಕ್ಕದ ತಾರೀಖು, ನಮ್ಮ ಮನೆಗೆ ಪಂಚಾಂಗದ ತಿಥಿ. ಇಶ್ತಿಹಾರಿನ ತಾರೀಖನ್ನು ಬಾಯಿಪಾಠ ಮಾಡಿದ್ದ ನಾನು ಅದನ್ನು ಪಂಚಾಂಗಕ್ಕೆ ತಾಳೆ ಹಾಕಿ ನೋಡಿರಲಿಲ್ಲ. ಮೂರು ದಿನ ಉಳಿದಾಗ ರುಕ್ಮಾ ನೋಡಿದಳು.

"ಏನ್ರೀ, ನಿಮ್ಮ ಓಟ ದ್ವಾದಶಿ ದಿನಾ ಬಂದದಲ್ಲ! ಹಿಂದಿನ ದಿನ ಏಕಾದಶಿ, ನೀರೂ ಮುಟ್ಟಂಗಿಲ್ಲ. ಮರುದಿನ ಹ್ಯಾಂಗ ಓಡ್ತೀರಿ?"

ತಲೆಮಾರುಗಳಿಂದ ಗುಡಿಯ ಪೂಜೆ ನಡೆಸಿದ ಮನೆತನ ನಮ್ಮದು. ಏಕಾದಶಿ ತಪ್ಪಿಸುವ ಮಾತೇ ಇರಲಿಲ್ಲ. ಸೋಲೊಪ್ಪದೆ ಒಂದು ಸಿದ್ಧಾಂತವನ್ನು ಮಂಡಿಸಿದೆ.

"ಛಲೋನ ಆತಲ್ಲ! ಉಪವಾಸ ಇದ್ರ ಮೈ ಹಗುರ ಆಗ್ತದ. ಹಗುರ ಇದ್ದದ್ದು ಜೋರ ಓಡ್ತದ."

"ಹಂಗಂತೀರಿ?" ಎಂದಳು. ಬುದ್ಧಿವಂತನಾಗಿದ್ದರೆ ಆ ಒಂದು ಮಾತೇ ಸಾಕಾಗಿತ್ತು.

ಏಕಾದಶಿಯ ದಿನ ನಿರಾಹಾರನಾಗಿ ಎತ್ತಿನ ಚಕ್ಕಡಿಯಲ್ಲಿ ಕಲ್ಮಲಕ್ಕೆ ಹೋಗಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಮೈ ನಿಜವಾಗಿಯೂ ಹಗುರಾಗಿತ್ತು. ಗಾಳಿ ಬೀಸಿದರೆ ಹಾರಿ ಹೋದೇನೆಂದು ಕದ ಹಿಡಿದುಕೊಂಡೇ ಒಳಗೆ ಹೋದೆ! ಉಪವಾಸ ಬಿಡುವ ಊಟಕ್ಕೆ ಪಾರಣೆ ಎನ್ನುತ್ತೇವೆ. ಆ ಸಲ ದ್ವಾದಶಿ ಸ್ವಲ್ಪವೇ ಹೊತ್ತು ಇದ್ದದ್ದರಿಂದ ಹೊತ್ತು ಹುಟ್ಟುತ್ತಲೇ ಪಾರಣೆ ಆಗಬೇಕಿತ್ತು. ಅತ್ತೆ ನಸುಕಿಗೇ ಎದ್ದು ಅಗಸೆಸೊಪ್ಪಿನ ಪಲ್ಯ, ತೊವ್ವೆ, ಹೆಸರುಬೇಳೆ ಪಾಯಸ ಎಲ್ಲ ಮಾಡಿ ಎಲೆ ಹಾಕಿದ್ದರು.

"ಅತ್ಯಾ, ಒಂದ ತುತ್ತು ಸಾಕು. ಓಡೂದದ."

"ಖಾಲಿ ಹೊಟ್ಟೀಲೆ ಹತ್ತ ಮೈಲಿ ಓಡ್ತೀಯೇನೋ? ಸುಮ್ನ ಉಣ್ಣು!"

ಪಾಯಸವನ್ನು ಮೂರು ಸಲ ಬಡಿಸಿದರು. ಎಲ್ಲ ತಪ್ಪನ್ನೂ ಅವರ ಮೇಲೆ ಹಾಕಬಾರದು. ನಾಲ್ಕನೆಯ ಸಲ ಕೇಳಿ ಹಾಕಿಸಿಕೊಂಡವನು ನಾನೇ!

ಊರ ಹೊರಗೆ ಪೊಲೀಸ್ ಜವಾನ ಬಂದೂಕು ಹಾರಿಸಿದ. ಹತ್ತೊಂಬತ್ತು ಜನ ಓಡಿದರು. ಇಪ್ಪತ್ತನೆಯವನು ಪಾಯಸ ಹೊತ್ತುಕೊಂಡು ಹೊರಟ. ಎರಡನೆಯ ಮೈಲಿಗೆ ಪಕ್ಕೆ ಹಿಡಿಯಿತು. ಮೂರನೆಯ ಮೈಲಿಗೆ ಮುಂದಿನವರ ಬೆನ್ನು ಮರೆಯಾಗಿ ಧೂಳು ಮಾತ್ರ ಕಂಡಿತು. ನಾಲ್ಕನೆಯ ಮೈಲಿಗೆ ಆ ಧೂಳೂ ಕೂತುಬಿಟ್ಟಿತು. ನಾನೂ ಒಂದು ಬೇವಿನ ಗಿಡದ ಕೆಳಗೆ ಕೂತೆ, ಒಂದೇ ನಿಮಿಷಕ್ಕೆಂದು. ಕೂತವನು ಒರಗಿದೆ, ಒರಗಿದವನು ಮಲಗಿದೆ.

"ಮಾಸ್ತರ! ಏ ಮಾಸ್ತರ! ಓಟದಾಗ ಓಡಾಕತ್ತಾರ ಅಂದ್ರಲ್ರೀ ನಿಮ್ಮನಿ ಅಕ್ಕಾರು!"

ಕಣ್ಣು ಬಿಟ್ಟರೆ ಹನುಮವ್ವ. ದಾರಿಯ ಹಳ್ಳಿಯವಳು. ತಲೆಯ ಮೇಲೆ ಗಡಿಗೆ ಹೊತ್ತು ನಮ್ಮ ಓಣಿಗೆ ದಿನಾ ಮೊಸರು ತರುವವಳು.

"ಓಡ್ಲಿಕತ್ತೀನಿ ಹನುಮವ್ವ," ಎಂದೆ, ಮಲಗಿದಲ್ಲಿಂದಲೇ. "ನೀ ಮುಂದ ನಡಿ. ನಾ ಬಂದೆ."

"ಓಡ್ರಿ ಓಡ್ರಿ. ನನ್ನ ಮೊಸರು ಹುಳಿ ಆಗ್ತೈತಿ," ಎಂದು ಅವಳು ಸರಸರನೆ ಹೋದಳು. ನಾನು ಮಗ್ಗಲು ಬದಲಿಸಿದೆ. ದ್ವಾದಶಿಯ ದಿನ ಹಗಲು ನಿದ್ದೆ ಮಾಡಬಾರದು. ಓಟದ ಜೊತೆಗೆ ಶಾಸ್ತ್ರವೂ ಕೆಟ್ಟಿತು.

ಕೋಟೆ ಬಾಗಿಲಿಗೆ ನಾನು ಮುಟ್ಟಿದಾಗ ಸೂರ್ಯ ನೆತ್ತಿಯಿಂದ ಇಳಿದಿದ್ದ. ಸುಣ್ಣದ ಗೆರೆಯ ಮೇಲೆ ಎರಡು ಆಡು ನಿಂತಿದ್ದವು. ಏಣಿಯ ಮೇಲೆ ನಿಂತು ತೋರಣ ಬಿಚ್ಚುತ್ತಿದ್ದ ಮುದುಕ ನನ್ನನ್ನು ನೋಡಿ, "ಛಲೋ ಹೊತ್ತಿಗೆ ಬಂದ್ರಿ ನೋಡ್ರಿ. ಈ ಹಗ್ಗದ ತುದಿ ಜರಾ ಹಿಡೀರಿ," ಎಂದ. ಹಿಡಿದೆ. ಅದೊಂದೇ ಅಂದು ನನ್ನಿಂದಾದ ಉಪಯೋಗ!

ಮನೆಯ ಬಾಗಿಲಲ್ಲಿ ರುಕ್ಮಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನಿಜ ಹೇಳುವ ಧೈರ್ಯವಾಗಲಿಲ್ಲ.

"ಎಲ್ಲಾರಕಿಂತ ಮುಂದ ಇದ್ದೆ ರುಕ್ಮಾ. ದಾರ್‍ಯಾಗ ಒಬ್ಬ ಮುದುಕನ ಚಕ್ಕಡಿ ಉರುಳಿತ್ತು. ಬಿಟ್ಟು ಬರಲಿಕ್ಕೆ ಮನಸ್ಸಾಗ್ಲಿಲ್ಲ. ನಾನ ಎತ್ತಿ ನಿಲ್ಲಿಸಿದೆ."

"ಅಯ್ಯ! ಎತ್ತಿಗೆ ಪೆಟ್ಟಾಗ್ಲಿಲ್ಲಲ್ಲಾ?"

"ಎಡಗಡೆ ಎತ್ತಿಗೆ ಸ್ವಲ್ಪ ಆತು. ಪಾಪ, ನನ್ನ ಭುಜದ ಮ್ಯಾಲೆ ತಲಿ ಇಟ್ಟು ಅತ್ತುಬಿಡ್ತು!"

ರುಕ್ಮಾ ಕೈಚಾಚಿ ನನ್ನ ಕೂದಲಿನಿಂದ ಒಂದು ಬೇವಿನ ಎಲೆ ತೆಗೆದಳು.

"ಹನುಮವ್ವ ಮೊಸರು ಹಾಕಿ ಹೋಗಿ ಎರಡ ತಾಸಾತ್ರಿ," ಎಂದಳು.

ನಾಚಿಕೆಯಿಂದ ನೆಲ ನೋಡಿದೆ. "ನನಗ ಗಡಿಯಾರದ ಆಸೆ ಇರ್ಲಿಲ್ಲ ರುಕ್ಮಾ. ಈ ಮನ್ಯಾಗ ನನ್ನದು ಅಂತ ಒಂದ ಸಾಮಾನರ ಇರ್ಲಿ ಅಂತ..." ಎನ್ನುತ್ತ ಅಂಗಿಯ ಧೂಳು ಕೊಡವತೊಡಗಿದೆ.

ಅವಳು ಆರತಿ ಎತ್ತಿದಳು. "ಕಡೀಕೆ ಬಂದವ್ರಿಗೆ ಆರತಿ ಮಾಡಬಾರ್ದು ಅಂತ ಎಲ್ಲೂ ಬರದಿಲ್ಲ. ಒಳಗ ಬರ್ರಿ. ಪಾಯಸ ಅದ." ಪಾಯಸ ಎಂದವಳೇ ತಡೆಯಲಾರದೆ ನಕ್ಕಳು. ನಾನೂ ನಕ್ಕೆ, ಪಕ್ಕೆ ಮತ್ತೆ ಹಿಡಿಯುವವರೆಗೆ.

ತಿಂಗಳೊಪ್ಪತ್ತಿನಲ್ಲಿ ಮಾವನವರು ಮಾನ್ವಿಯಿಂದ ಬಂದರು. ಬರಿಯ ಮೊಳೆ ನೋಡಿ, "ಇದ್ಯಾಕವ್ವಾ ಖಾಲಿ?" ಎಂದು ಮಗಳನ್ನು ಕೇಳಿದರು. ನಾನು ಕೆಮ್ಮುತ್ತ ಹಿತ್ತಲಿಗೆ ಹೋದೆ. ಮುಂದಿನ ವಾರವೇ ಒಂದು ಗೋಡೆ ಗಡಿಯಾರ ಬಂತು. ಕೆಳಗಿನ ಹಿತ್ತಾಳೆ ತಗಡಿನ ಮೇಲೆ ಅವರ ಹೆಸರು! ಈಗ ಹೊತ್ತು ನೋಡಿದರೂ ಮಾವ.

ಗಡಿಯಾರ ಮಾವನದು, ಮೊಳೆ ಖಾಸಿಂ ಸಾಹೇಬರದು. ಆದರೆ ಅಂದಿನಿಂದ ಪ್ರತಿ ವರ್ಷ ಸುಣ್ಣ ಹೊಡೆಯುವವನು ಬಂದಾಗ ಗಡಿಯಾರದ ಪಕ್ಕದ ಎರಡು ತೂತುಗಳನ್ನು ಮುಚ್ಚಲು ರುಕ್ಮಾ ಬಿಡುವುದಿಲ್ಲ.

"ಅವನ್ನ ಮುಟ್ಟಬ್ಯಾಡಪ್ಪಾ," ಎನ್ನುತ್ತಾಳೆ, ನನಗೆ ಕೇಳಿಸುವ ಹಾಗೆ. "ಈ ಮನ್ಯಾಗ ನಮ್ಮವರ ಸ್ವಂತದ್ದು ಅಂತ ಅವೆರಡ ಅವ!"